ಹಾರ್ಟ್ ಅಟ್ಯಾಕ್ ಆಗಿ ಬಿಪಿ ಕುಸಿದವರಿಗೆ ಹೃದಯದ ಪಂಪ್: ಹಾಸನದಲ್ಲೇ ಬೇಕಾ, ಬೇಡ್ವಾ?

ಸಕಲೇಶಪುರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡರು. ಎದೆ ಹಿಡಿದುಕೊಂಡ ಹಾಗೆ ಆಗ್ತಿದೆ ಅಂದ ಕೂಡಲೇ ಕರೆದುಕೊಂಡು ಹೋದೆವು. ಇಸಿಜಿ ಆಯಿತು, ಆಂಜಿಯೋ ಆಯಿತು, ಸ್ಟೆಂಟ್ ಕೂಡ ಹಾಕಿದರು. ರಕ್ತನಾಳ ತೆರೆದುಕೊಂಡಿದೆ ಅಂತ ಹೇಳಿದಾಗ ನಮಗೆಲ್ಲ ಹೋದ ಜೀವ ಬಂದ ಹಾಗಾಯಿತು. ಆದರೆ ಬಿಪಿ ಏರಲೇ ಇಲ್ಲ. ಮೈಯೆಲ್ಲ ತಣ್ಣಗಾಗಿ ಬೆವರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಬಂದು, ಇದು ಕಾರ್ಡಿಯೋಜೆನಿಕ್ ಶಾಕ್, ಹೃದಯಕ್ಕೆ ರಕ್ತ ತಳ್ಳುವ ಶಕ್ತಿ ಇಲ್ಲ, ಯಂತ್ರದ ಸಪೋರ್ಟ್ ಬೇಕಾಗಬಹುದು, ಅದು ಇಲ್ಲಿಲ್ಲ, ದೊಡ್ಡ ಊರಿಗೆ ಒಯ್ಯಿರಿ ಅಂದರು. ಹೊರಟೆವು. ಅರ್ಧ ದಾರಿ ದಾಟಲಿಲ್ಲ.

ಆಮೇಲೆ ಓದುತ್ತಾ ಹೋದೆ. ಇಂಪೆಲ್ಲಾ ಅನ್ನುವ ಸಣ್ಣ ಪಂಪ್ ಇದೆಯಂತೆ. ತೊಡೆಯ ರಕ್ತನಾಳದಿಂದ ಹೃದಯದ ಒಳಗೆ ಕಳಿಸುತ್ತಾರಂತೆ. 2024ರಲ್ಲಿ ಡೆನ್ಮಾರ್ಕ್, ಜರ್ಮನಿ, ಬ್ರಿಟನ್‌ನವರು ಸೇರಿ ಮಾಡಿದ ಡೇಂಜರ್ ಶಾಕ್ ಅನ್ನುವ ಅಧ್ಯಯನ ಬಂತು. ಪಂಪ್ ಹಾಕಿದವರಲ್ಲಿ ಸಾವು ಕಡಿಮೆಯಾಗಿದೆ ಅಂತ ಅದರಲ್ಲಿದೆ. ಹಾಗಿದ್ದರೆ ಅದು ನಮ್ಮ ಹಾಸನದಲ್ಲಿ ಯಾಕಿರಬಾರದು? ನಮ್ಮ ಜಿಲ್ಲೆಯ ಹಾರ್ಟ್ ಅಟ್ಯಾಕ್ ಬಗ್ಗೆ 2025ರಲ್ಲಿ ರಾಜ್ಯವೇ ಮಾತಾಡಿತು. ಒಂದು ಪಂಪ್ ಕೊಡಿ ಅಂತ ಜಿಲ್ಲಾಡಳಿತಕ್ಕೆ, ಶಾಸಕರಿಗೆ ಮನವಿ ಕೊಡೋಣ ಅಂತಿದ್ದೇನೆ. ನಿಮ್ಮ ಅಭಿಪ್ರಾಯ ತಿಳಿಸಿ.

ಬೇಲೂರು ಮೇಷ್ಟ್ರು

ನಿಮ್ಮ ಚಿಕ್ಕಪ್ಪನವರ ವಿಷಯ ಓದಿ ಮನಸ್ಸಿಗೆ ತುಂಬಾ ಬೇಜಾರಾಯಿತು. ಆದರೂ ಮನವಿಯ ವಿಷಯಕ್ಕೆ ನನ್ನ ತಕರಾರಿದೆ. ಸರ್ಕಾರದ ದುಡ್ಡು ಅಂದರೆ ಎಲ್ಲರ ದುಡ್ಡು. ಶಾಕ್‌ಗೆ ಹೋದ ಒಬ್ಬರಿಗೆ ಅಷ್ಟು ಹಣ ಸುರಿಯುವ ಬದಲು, ಶಾಕ್‌ಗೆ ಹೋಗದ ಹಾಗೆ ನೂರು ಜನರನ್ನು ನೋಡಿಕೊಳ್ಳಬಹುದಲ್ಲ? ನಮ್ಮ ಕಡೆ ಎದೆ ಉರಿ ಅಂದರೆ ಇವತ್ತಿಗೂ ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು, ಸೋಡಾ ಕುಡಿದು ಮಲಗುತ್ತಾರೆ. ಬೆಳಿಗ್ಗೆ ನೋಡೋಣ ಅನ್ನುತ್ತಾರೆ. ಆ ರಾತ್ರಿಯೇ ಹೃದಯದ ಸ್ನಾಯು ಸಾಯುವುದು.

2025ರ ಮೇ-ಜೂನ್‌ನಲ್ಲಿ ಹಾಸನದಲ್ಲಿ ಸಾಲು ಸಾಲು ಸಾವು ಅಂತ ಸುದ್ದಿಯಾಗಿ, ಜನ ಹೆದರಿ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವವೇ ಕ್ಯೂ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಇಲ್ಲ ಎಂದಿತು. ಅದರ ಅರ್ಥ ಸಾವು ಕಡಿಮೆ ಅಂತಲ್ಲ. ಹಿಂದೆಯೂ ಇಷ್ಟೇ ಜನ ಹೋಗುತ್ತಿದ್ದರು ಅಂತ. ಬಿಪಿ, ಶುಗರ್, ಬೀಡಿ-ಸಿಗರೇಟು, ತಡ. ಕಾರಣಗಳು ಇವೇ. ಮೊದಲು ಇವನ್ನು ಹಿಡಿಯೋಣ.

ತರೀಕೆರೆ ಮಗಳು

ಮೇಷ್ಟ್ರೇ, ತಡೆಯುವುದು ಮುಖ್ಯ ನಿಜ. ಆದರೆ ಅಟ್ಯಾಕ್ ಆಗಿಬಿಟ್ಟವರನ್ನು ಏನು ಮಾಡೋಣ? ನಮ್ಮ ಅಪ್ಪನಿಗೂ ಇದೇ ಆಗಿತ್ತು. ಅವರಿಗೆ ಬಲೂನ್ ಪಂಪ್ ಹಾಕಿದರು. ಹಾಸಿಗೆಯ ಪಕ್ಕದಲ್ಲಿ ಒಂದು ಡಬ್ಬ, ಹೃದಯದ ಬಡಿತದ ಜೊತೆಗೇ ಟಪ್ ಟಪ್ ಅಂತ ಸದ್ದು. ಒಂದು ಕಾಲು ಮಡಚಬಾರದು ಅಂತ ಕಟ್ಟಿದ್ದರು. ಈಗ ಅಪ್ಪ ಅಡಿಕೆ ತೋಟಕ್ಕೆ ನಡೆದುಕೊಂಡು ಹೋಗಿ ಬರುತ್ತಾರೆ. ಯಂತ್ರ ಉಳಿಸುತ್ತದೆ ಅನ್ನುವುದಕ್ಕೆ ನಮ್ಮ ಮನೆಯೇ ಸಾಕ್ಷಿ.

ಮೈಸೂರಿನ ಹೃದಯವೈದ್ಯ

ಇಲ್ಲಿ ಎರಡು ಯಂತ್ರಗಳ ಮಾತು ಬಂದಿದೆ. ಎರಡೂ ಬೇರೆ ಬೇರೆ. ಮೂರನೆಯದೂ ಒಂದಿದೆ. ಬಿಡಿಸಿ ಹೇಳುತ್ತೇನೆ, ಚರ್ಚೆಗೆ ಅನುಕೂಲವಾಗುತ್ತದೆ.

ಮೊದಲು ಕಾಯಿಲೆ. ಹಾರ್ಟ್ ಅಟ್ಯಾಕ್ ಆದ ನೂರು ಜನರಲ್ಲಿ ಸುಮಾರು ಐದರಿಂದ ಹತ್ತು ಜನಕ್ಕೆ ಈ ಶಾಕ್ ಬರುತ್ತದೆ. ಎಡ ಹೃತ್ಕುಕ್ಷಿಯ (ದೇಹಕ್ಕೆಲ್ಲ ರಕ್ತ ತಳ್ಳುವ ಕೋಣೆ) ದೊಡ್ಡ ಭಾಗ ಕೆಲಸ ನಿಲ್ಲಿಸಿದಾಗ ಬಿಪಿ ಬೀಳುತ್ತದೆ. ಬಿಪಿ ಬಿದ್ದರೆ ಹೃದಯದ ಸ್ವಂತ ರಕ್ತನಾಳಗಳಿಗೇ ರಕ್ತ ಸಾಲದು. ಆಗ ಇನ್ನಷ್ಟು ಸ್ನಾಯು ಸಾಯುತ್ತದೆ, ಬಿಪಿ ಇನ್ನೂ ಬೀಳುತ್ತದೆ. ಕಿಡ್ನಿ, ಲಿವರ್, ಮೆದುಳು ಒಂದೊಂದಾಗಿ ಸೊರಗುತ್ತವೆ. ಒಳ್ಳೆಯ ಆಸ್ಪತ್ರೆಯಲ್ಲೂ ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯುವುದಿಲ್ಲ. ಈ ಸುಳಿಯಿಂದ ಹೊರಗೆ ತರುವುದರಲ್ಲಿ ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಮುಚ್ಚಿದ ರಕ್ತನಾಳವನ್ನು ಬೇಗ ತೆರೆಯುವುದಕ್ಕೆ. 1999ರಲ್ಲಿ ಬಂದ ಶಾಕ್ ಅನ್ನುವ ಹೆಸರಿನ ಅಧ್ಯಯನ ತೋರಿಸಿದ್ದು ಅದನ್ನೇ. ಆರು ತಿಂಗಳಿಗೆ ನೋಡಿದಾಗ ಬೇಗ ತೆರೆದವರಲ್ಲಿ ಸಾವು ಶೇ 50ರ ಆಸುಪಾಸು, ಔಷಧಿಯಿಂದ ಕಾದವರಲ್ಲಿ ಶೇ 63.

ಇನ್ನು ಯಂತ್ರಗಳು. ಬಲೂನ್ ಪಂಪ್ ಹಳೆಯದು, 1960ರ ದಶಕದ ಕೊನೆಯಿಂದ ಇದೆ. ಮಹಾಧಮನಿಯಲ್ಲಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದಲ್ಲಿ, ಉದ್ದದ ಬಲೂನು ಕೂರಿಸುತ್ತೇವೆ. ಹೃದಯ ಸಡಿಲಾದಾಗ ಹೀಲಿಯಂ ತುಂಬಿ ಅದು ಉಬ್ಬುತ್ತದೆ, ರಕ್ತವನ್ನು ಹೃದಯದ ನಾಳಗಳ ಕಡೆಗೆ ತಳ್ಳುತ್ತದೆ. ಹೃದಯ ಹಿಂಡುವ ಮುಂಚೆ ಸಟ್ಟನೆ ಕುಗ್ಗುತ್ತದೆ. ನೆರವು ಸಣ್ಣದು, ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್ ಅಷ್ಟೇ.

ಇಂಪೆಲ್ಲಾ ಬೇರೆ ಬಗೆಯದು. ಬೋರ್‌ವೆಲ್ ಒಳಗೆ ಇಳಿಬಿಡುವ ಸಬ್‌ಮರ್ಸಿಬಲ್ ಪಂಪ್ ಹಾಗೆ ಅದು ಹೃದಯದ ಕೋಣೆಯ ಒಳಗೇ ಕೂತು, ರಕ್ತ ಎಳೆದು ಮಹಾಧಮನಿಗೆ ಬಿಡುತ್ತದೆ. ಒಳಗಿನ ಪುಟ್ಟ ಚಕ್ರ ನಿಮಿಷಕ್ಕೆ 46,000 ಸುತ್ತಿನವರೆಗೆ ತಿರುಗುತ್ತದೆ. ಡೇಂಜರ್ ಶಾಕ್ ಅಧ್ಯಯನದಲ್ಲಿ ಬಳಸಿದ ಮಾದರಿ ನಿಮಿಷಕ್ಕೆ ಮೂರೂವರೆ ಲೀಟರಿನಷ್ಟು ರಕ್ತ ತಳ್ಳಬಲ್ಲದು. ಆರೋಗ್ಯವಂತ ಹೃದಯ ವಿಶ್ರಾಂತಿಯಲ್ಲಿ ತಳ್ಳುವುದು ಸುಮಾರು ಐದು ಲೀಟರ್.

ಮೂರನೆಯದು ಎಕ್ಮೋ. ದೇಹದಿಂದ ರಕ್ತ ಹೊರಗೆ ತೆಗೆದು, ಆಮ್ಲಜನಕ ಸೇರಿಸಿ ವಾಪಸ್ ತಳ್ಳುತ್ತದೆ. ಶಕ್ತಿ ಜಾಸ್ತಿ. ಆದರೆ ಧಮನಿಯಲ್ಲಿ ಹಿಮ್ಮುಖವಾಗಿ ತಳ್ಳುವುದರಿಂದ ಬಡ ಹೃದಯಕ್ಕೆ ಎದುರೊತ್ತಡವೂ ಹೆಚ್ಚುತ್ತದೆ.

ತರೀಕೆರೆಯವರೇ, ನಿಮ್ಮ ತಂದೆಯವರು ಚೆನ್ನಾಗಿರುವುದು ಕೇಳಿ ಸಂತೋಷ. ಆದರೆ ಬಲೂನೇ ಉಳಿಸಿತು ಅನ್ನುವುದಕ್ಕೆ ಆಧಾರ ಸಾಲದು. 2012ರಲ್ಲಿ ಜರ್ಮನಿಯಲ್ಲಿ ಸುಮಾರು 600 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ತಿಂಗಳೊಳಗಿನ ಸಾವು ಬಲೂನ್ ಹಾಕಿದವರಲ್ಲಿ ಶೇ 39.7, ಹಾಕದವರಲ್ಲಿ ಶೇ 41.3. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಎಕ್ಮೋದ್ದೂ ಅಷ್ಟೇ. 2023ರಲ್ಲಿ 417 ಜನರ ಲೆಕ್ಕ ಬಂತು, ತಿಂಗಳೊಳಗಿನ ಸಾವು ಹಾಕಿದವರಲ್ಲಿ ಶೇ 47.8, ಹಾಕದವರಲ್ಲಿ ಶೇ 49. ರಕ್ತಸ್ರಾವ ಮಾತ್ರ ಎಕ್ಮೋ ಕಡೆ ದುಪ್ಪಟ್ಟಿಗಿಂತ ಜಾಸ್ತಿ.

ತರೀಕೆರೆ ಮಗಳು

ಡಾಕ್ಟ್ರೇ, ಅಂಕಿಅಂಶ ನನಗೆ ಅರ್ಥವಾಗುತ್ತದೆ. ಆದರೆ ವ್ಯತ್ಯಾಸ ಇಲ್ಲದಿದ್ದರೆ ಯಾಕೆ ಹಾಕಿದರು? ದುಡ್ಡು ಕಟ್ಟಿದ್ದೇವಲ್ಲ. ಆ ರಾತ್ರಿ ಬಲೂನ್ ಹಾಕಿದ ಮೇಲೆ ಮಾನಿಟರ್‌ನಲ್ಲಿ ಬಿಪಿ ಏರಿದ್ದನ್ನು ನಾನೇ ನೋಡಿದ್ದೇನೆ.

ಮೈಸೂರಿನ ಹೃದಯವೈದ್ಯ

ಏರಿದ್ದು ನಿಜ ಇರಬಹುದು. ಬಿಪಿ ಏರುವುದು ಬೇರೆ, ತಿಂಗಳ ನಂತರ ಜೀವ ಉಳಿದಿರುವುದು ಬೇರೆ. ಡೋಪಮಿನ್ ಅನ್ನುವ ಔಷಧಿ ಕೊಟ್ಟರೂ ಬಿಪಿ ಏರುತ್ತದೆ, ಆದರೆ ಹೃದಯದ ಲಯ ಕೆಡುವ ಅಪಾಯ ಜಾಸ್ತಿ. ಅದಕ್ಕೇ ನಾವು ನಾರ್‌ಅಡ್ರಿನಲಿನ್ ಅನ್ನುವ ಇನ್ನೊಂದು ಔಷಧಿ ಹಿಡಿದುಕೊಂಡಿದ್ದೇವೆ.

ಯಾಕೆ ಹಾಕಿದರು ಅನ್ನುವುದು ನ್ಯಾಯವಾದ ಪ್ರಶ್ನೆ. ಬಲೂನಿಗೆ ಇವತ್ತಿಗೂ ಜಾಗ ಇದೆ. ಅಟ್ಯಾಕ್ ಆದ ಮೇಲೆ ಹೃದಯದ ಎರಡು ಕೋಣೆಗಳ ನಡುವಿನ ಗೋಡೆ ತೂತಾಗಬಹುದು. ಕವಾಟ ಹಿಡಿದಿರುವ ಸ್ನಾಯು ಹರಿದು ರಕ್ತ ಹಿಂದಕ್ಕೆ ನುಗ್ಗಬಹುದು. ಅಂಥವರನ್ನು ಆಪರೇಷನ್‌ವರೆಗೆ ಹಿಡಿದಿಡಲು ಬಲೂನ್ ಹಾಕುತ್ತೇವೆ. ನಿಮ್ಮ ತಂದೆಯವರಿಗೆ ಏನಿತ್ತೋ ಇಲ್ಲಿಂದ ಹೇಳಲಾರೆ. ಆದರೆ ಶಾಕ್ ಅಂದ ತಕ್ಷಣ ಎಲ್ಲರಿಗೂ ಹಾಕುವುದು ಬೇಡ ಎಂದು ಯುರೋಪಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಸಕಲೇಶಪುರದ ಬೆಳೆಗಾರ

ಡಾಕ್ಟ್ರೇ, ನೀವು ಬಲೂನ್ ಮತ್ತು ಎಕ್ಮೋದ ಲೆಕ್ಕ ಕೊಟ್ಟಿರಿ. ನಾನು ಕೇಳಿದ್ದು ಇಂಪೆಲ್ಲಾದ್ದು. ಅದರ ಲೆಕ್ಕ ಹೇಳಿ.

ಮೈಸೂರಿನ ಹೃದಯವೈದ್ಯ

ಹೇಳುತ್ತೇನೆ. ಡೇಂಜರ್ ಶಾಕ್ ಅಧ್ಯಯನದಲ್ಲಿ ಆರು ತಿಂಗಳೊಳಗೆ, ಪಂಪ್ ಹಾಕಿದ 179 ಜನರಲ್ಲಿ 82 ಜನ ತೀರಿಕೊಂಡರು. ಹಾಕದ 176 ಜನರಲ್ಲಿ 103 ಜನ. ಶೇ 45.8 ಮತ್ತು ಶೇ 58.5. ಎಂಟು ಜನಕ್ಕೆ ಹಾಕಿದರೆ ಒಂದು ಜೀವ ಹೆಚ್ಚಿಗೆ ಉಳಿದ ಹಾಗೆ. ನಮ್ಮ ಕ್ಷೇತ್ರದಲ್ಲಿ ಇದು ದೊಡ್ಡ ಫಲಿತಾಂಶ. ನಾನು ಇದನ್ನು ಸಣ್ಣದು ಮಾಡುವುದಿಲ್ಲ. 1999ರ ನಂತರ ಈ ಕಾಯಿಲೆಯಲ್ಲಿ ಸಾವು ತಗ್ಗಿಸಿದ ಯಂತ್ರ ಅಂತ ಕೈಗೆ ಸಿಕ್ಕಿದ್ದು ಇದೊಂದೇ. ಅಮೆರಿಕದ 2025ರ ಮಾರ್ಗಸೂಚಿಯೂ ಆಯ್ದ ರೋಗಿಗಳಿಗೆ ಹಾಕಬಹುದು ಎಂದಿದೆ.

ಆದರೆ ಆ ಆಯ್ದ ರೋಗಿಗಳು ಯಾರು ಅನ್ನುವುದನ್ನು ನೋಡಿ. ಇಸಿಜಿಯಲ್ಲಿ ಎಸ್‌ಟಿ ಅನ್ನುವ ಗೆರೆಯ ಭಾಗ ಏರಿರುವ ದೊಡ್ಡ ಅಟ್ಯಾಕ್ ಆಗಿರಬೇಕು. ತೊಂದರೆ ಎಡ ಹೃತ್ಕುಕ್ಷಿಯದಾಗಿರಬೇಕು. ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಹೆಚ್ಚುವ ಅಂಶ) ಏರಿರಬೇಕು. ಹೃದಯ ನಿಂತು, ಮತ್ತೆ ಬಡಿದರೂ ಪ್ರಜ್ಞೆ ಬರದವರನ್ನು ಅಧ್ಯಯನಕ್ಕೆ ಸೇರಿಸಲಿಲ್ಲ. ಇಷ್ಟು ಸೋಸಿದ್ದರಿಂದಲೇ 360 ಜನ ಸಿಗಲು 2013ರಿಂದ 2023ರವರೆಗೆ ಹಿಡಿಯಿತು, ಅದೂ ಮೂರು ದೇಶಗಳಲ್ಲಿ.

ಹಾನಿಯೂ ಇದೆ. ತೀವ್ರ ರಕ್ತಸ್ರಾವ ಶೇ 21.8, ಹಾಕದವರಲ್ಲಿ ಶೇ 11.9. ಡಯಾಲಿಸಿಸ್ ಬೇಕಾದವರು ಶೇ 41.9, ಆ ಕಡೆ ಶೇ 26.7. ಕಾಲಿಗೆ ರಕ್ತ ಹೋಗದೆ ತೊಂದರೆಯಾದವರು ಶೇ 5.6, ಆ ಕಡೆ ಶೇ 1.1. ಇಷ್ಟೆಲ್ಲ ಆಗಿಯೂ ಜೀವ ಜಾಸ್ತಿ ಉಳಿದಿದೆ. ಯಾಕೆಂದರೆ ಅಲ್ಲಿ ರಕ್ತಸ್ರಾವವನ್ನು, ಕಿಡ್ನಿಯನ್ನು, ಕಾಲನ್ನು ನೋಡಿಕೊಳ್ಳುವವರು ರಾತ್ರಿ ಎರಡು ಗಂಟೆಗೂ ಇದ್ದರು.

ಐಸಿಯು ಸಿಸ್ಟರ್, ಹಾಸನ

ಡಾಕ್ಟರ್ ಕೊನೆಗೆ ಬರೆದ ಸಾಲನ್ನೇ ನಾನು ಹಿಗ್ಗಿಸಿ ಹೇಳಬೇಕು. ನಾನು ಮೊದಲು ಕೆಲಸ ಮಾಡಿದ ದೊಡ್ಡ ಊರಿನ ಐಸಿಯುನಲ್ಲಿ ಇಂಪೆಲ್ಲಾ ಹಾಕಿದವರನ್ನು ನೋಡಿಕೊಂಡಿದ್ದೇನೆ. ಹಾಕುವುದು ಕ್ಯಾಥ್ ಲ್ಯಾಬ್ (ಆಂಜಿಯೋ, ಸ್ಟೆಂಟ್ ಮಾಡುವ ಕೋಣೆ) ಕೆಲಸ, ಬೇಗ ಮುಗಿಯುತ್ತದೆ. ಆಮೇಲಿನ ದಿನಗಳು ನಮ್ಮವು.

ತೊಡೆಯ ಹತ್ತಿರ ಹೋಗುವ ಕೊಳವೆ ಹೆಚ್ಚುಕಡಿಮೆ ಪೆನ್ಸಿಲ್ ದಪ್ಪ ಇರುತ್ತದೆ ಅಂದುಕೊಳ್ಳಿ. ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಅದು ರಕ್ತನಾಳವನ್ನೇ ತುಂಬಿಬಿಡುತ್ತದೆ. ಹಾಗಾಗಿ ಗಂಟೆಗೊಮ್ಮೆ ಪಾದ ಮುಟ್ಟಿ ನೋಡಬೇಕು. ಬಿಸಿ ಇದೆಯಾ, ಬಣ್ಣ ಹೇಗಿದೆ, ಬೆರಳು ಅಲ್ಲಾಡುತ್ತಾ. ನಾಡಿ ಕೈಗೆ ಸಿಗದಿದ್ದರೆ ಡಾಪ್ಲರ್ ಯಂತ್ರ ಇಟ್ಟು ರಕ್ತದ ಹರಿವಿನ ಸದ್ದು ಕೇಳಬೇಕು. ಮೋಟಾರಿನೊಳಗೆ ರಕ್ತ ನುಗ್ಗದ ಹಾಗೆ ಗ್ಲೂಕೋಸ್ ದ್ರಾವಣ ಸತತ ಹೋಗುತ್ತಿರಬೇಕು. ಅದರಲ್ಲೇ ಹೆಪರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಔಷಧಿ) ಇದ್ದರೆ ಡ್ರಿಪ್‌ನ ಹೆಪರಿನ್ ಜೊತೆ ಸೇರಿಸಿ ಲೆಕ್ಕ ಹಾಕಬೇಕು. ರಕ್ತ ಹೆಪ್ಪುಗಟ್ಟುವ ಸಮಯವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಮೂತ್ರದ ಚೀಲ ನೋಡಿದಾಗ ಬಣ್ಣ ಕೆಂಪಗೋ ಕಂದೋ ಆಗಿದ್ದರೆ ಪಂಪ್ ರಕ್ತಕಣಗಳನ್ನು ಅರೆಯುತ್ತಿದೆ ಅಂತ ಅನುಮಾನ. ಕೊಳವೆ ಒಂದು ಸೆಂಟಿಮೀಟರ್ ಜಾರಿದರೂ ಅಲಾರಂ ಹೊಡೆಯುತ್ತದೆ. ಆಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ಜಾಗಕ್ಕೆ ತರುವ ಡಾಕ್ಟರು ಆ ಕ್ಷಣಕ್ಕೆ ಸಿಗಬೇಕು.

ಒಬ್ಬ ರೋಗಿಗೆ ಒಬ್ಬ ನರ್ಸ್, ಅದೂ ಪೂರ್ತಿ ಪಾಳಿ. ನಮ್ಮ ಜಿಲ್ಲೆಗಳ ಎಷ್ಟು ಐಸಿಯುಗಳಲ್ಲಿ ಇದು ಆಗುತ್ತದೆ? ಯಂತ್ರ ಬರಲಿ, ಬೇಡ ಅನ್ನುವುದಿಲ್ಲ. ಅದರ ಜೊತೆ ಜನ ಬರಲೇಬೇಕು.

ಚಿಕ್ಕಮಗಳೂರು ಆರೋಗ್ಯಮಿತ್ರ

ದುಡ್ಡಿನ ವಿಷಯ ನಾನು ಹೇಳುತ್ತೇನೆ, ದಿನಾ ಅದೇ ಕೆಲಸ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಇಂಪೆಲ್ಲಾದ ಕೊಳವೆ-ಪಂಪ್ ಒಬ್ಬರಿಗೆ ಬಳಸಿದರೆ ಮುಗಿಯಿತು. ಅದೊಂದರ ಬೆಲೆಯೇ ನಮ್ಮಲ್ಲಿ ಹತ್ತು ಲಕ್ಷ ದಾಟುತ್ತದೆ. ಹೊರಗಿರುವ ಕಂಟ್ರೋಲ್ ಡಬ್ಬ ಮಾತ್ರ ಮತ್ತೆ ಮತ್ತೆ ಬರುವುದು. ಅಂದರೆ ಬೆಳೆಗಾರರೇ, ‘ಒಂದು ಪಂಪ್ ಕೊಡಿ’ ಅಂತ ಮನವಿ ಬರೆದರೆ ಅದು ಒಬ್ಬ ರೋಗಿಗೆ ಆಯಿತು. ಪ್ರತಿ ರೋಗಿಗೂ ಹಣ ಎಲ್ಲಿಂದ ಅನ್ನುವುದು ಮನವಿಯಲ್ಲಿ ಇರಲೇಬೇಕು.

ಕೌಂಟರ್ ಮುಂದೆ ನಿಂತು ಕಾರ್ಡ್ ಹುಡುಕುವ ಮನೆಯವರನ್ನು ನೋಡುವುದು ಬಹಳ ಕಷ್ಟ. ತೋಟ ಅಡ ಇಡಬೇಕಾ ಅಂತ ಫೋನಿನಲ್ಲಿ ಕೇಳುತ್ತಿರುತ್ತಾರೆ. ಒಳಗಿನಿಂದ ಸಹಿಗೆ ಕರೆಯುತ್ತಿರುತ್ತಾರೆ.

ಬೇಲೂರು ಮೇಷ್ಟ್ರು

ನಾನು ಹೇಳಿದ್ದೂ ಇದನ್ನೇ. ಇನ್ನೊಂದು ಮಾತು. ಪಂಪ್ ಹಾಕಿದರೂ ನೂರಕ್ಕೆ ನಲವತ್ತಾರು ಜನ ಉಳಿಯಲಿಲ್ಲ ಅಂತ ಡಾಕ್ಟರೇ ಬರೆದಿದ್ದಾರೆ. ಈ ಮಾತನ್ನು ಸಹಿ ಹಾಕಿಸುವ ಮುಂಚೆ ಮನೆಯವರಿಗೆ ಯಾರಾದರೂ ಹೇಳುತ್ತಾರಾ? ‘ಹಾಕಿದರೆ ಚಾನ್ಸ್ ಇದೆ’ ಅಂದರೆ ಯಾವ ಮಗ ತಾನೇ ಬೇಡ ಅಂತಾನೆ? ಆಮೇಲೆ ಸಾಲವೂ ಉಳಿಯಿತು, ಮನುಷ್ಯನೂ ಹೋದ ಅಂತ ಆಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಹೀಗೇ ಆಗಿ, ಅವರು ಹೊಲ ಮಾರಿದರು.

ಸಕಲೇಶಪುರದ ಬೆಳೆಗಾರ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಬಡವರಿಗೆ ದುಬಾರಿ, ಅದಕ್ಕೆ ಬೇಡ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಡಯಾಲಿಸಿಸ್ ಕೂಡ ಒಂದು ಕಾಲಕ್ಕೆ ಬೆಂಗಳೂರಿನದಾಗಿತ್ತು. ಇವತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿದೆ. ಕೇಳಿದ್ದಕ್ಕೇ ಬಂತು.

ಡಾಕ್ಟರಿಗೆ ನನ್ನ ಪ್ರಶ್ನೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆ 17.76 ಲಕ್ಷ, ಚಿಕ್ಕಮಗಳೂರು 11.38 ಲಕ್ಷ. ಎರಡೂ ಸೇರಿ 29 ಲಕ್ಷ ಜನ. ನೂರರಲ್ಲಿ ಐದು-ಹತ್ತು ಅಂದಿರಲ್ಲ, ಆ ಲೆಕ್ಕದಲ್ಲಿ ನಮ್ಮಲ್ಲಿ ಶಾಕ್‌ಗೆ ಹೋಗುವವರು ಕಡಿಮೆ ಏನಿಲ್ಲ. ಹಾಸನದಿಂದ ಮೈಸೂರು 120 ಕಿಲೋಮೀಟರ್, ಬೆಂಗಳೂರು 180ರ ಮೇಲೆ. ಬಿಪಿ ಬಿದ್ದವರನ್ನು ಅಷ್ಟು ದೂರ ಒಯ್ಯುವಾಗ ದಾರಿಯಲ್ಲಿ ಹೋದವರು ಯಾವ ಅಧ್ಯಯನದ ಪಟ್ಟಿಯಲ್ಲಿ ಬರುತ್ತಾರೆ? ನಮ್ಮ ಚಿಕ್ಕಪ್ಪ ಯಾವ ಪಟ್ಟಿಯಲ್ಲಿದ್ದಾರೆ?

ಮೈಸೂರಿನ ಹೃದಯವೈದ್ಯ

ಯಾವ ಪಟ್ಟಿಯಲ್ಲೂ ಇಲ್ಲ. ನೀವು ಎತ್ತಿದ್ದು ಸರಿಯಾದ ಜಾಗ. ಅಧ್ಯಯನಗಳು ಆಸ್ಪತ್ರೆ ತಲುಪಿದವರ ಲೆಕ್ಕ.

ಆದರೂ ನನ್ನ ನಿಲುವು ಇದು: ಇಂಪೆಲ್ಲಾ ಈಗಲೇ ಹಾಸನಕ್ಕೆ ಬೇಡ. ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 60 ಲಕ್ಷ, ನಿಮ್ಮ ಎರಡು ಜಿಲ್ಲೆಗಳ ಎರಡರಷ್ಟು. ಅಲ್ಲೂ ಈ ಕೆಲಸ ಬೆರಳೆಣಿಕೆಯ ಕೇಂದ್ರಗಳಲ್ಲೇ ನಡೆಯುತ್ತದೆ. ಅಪರೂಪಕ್ಕೊಮ್ಮೆ ಹಾಕುವ ಜಾಗದಲ್ಲಿ ಕೈ ಪಳಗುವುದಿಲ್ಲ. ಸಿಸ್ಟರ್ ಬರೆದ ಪಾದ, ಮೂತ್ರ, ಅಲಾರಂ, ಇದರಲ್ಲಿ ಒಂದು ತಪ್ಪಿದರೂ ಉಳಿಯಬೇಕಾದ ಆ ಎಂಟನೆಯವರು ಉಳಿಯುವುದಿಲ್ಲ. ಹಾನಿ ಮಾತ್ರ ಉಳಿಯುತ್ತದೆ.

ಸಕಲೇಶಪುರದ ಬೆಳೆಗಾರ

ಡೆನ್ಮಾರ್ಕಿನಲ್ಲಿ ಶಿರಾಡಿ ಘಾಟಿ ಇಲ್ಲ ಸರ್. ಗುಡ್ಡ ಕುಸಿದು ರಸ್ತೆ ಬಂದ್ ಆಗುವುದಿಲ್ಲ. ಅವರ ವ್ಯವಸ್ಥೆಯನ್ನು ನಮ್ಮ ದಾರಿಗೆ ಹೇಗೆ ಹೋಲಿಸುತ್ತೀರಿ?

ಮೂಡಿಗೆರೆ ಆಂಬುಲೆನ್ಸ್

ದಾರಿಯ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಆಂಬುಲೆನ್ಸ್‌ನಲ್ಲಿ ಹಿಂದೆ ರೋಗಿಯ ಜೊತೆ ಕೂರುವವನು.

ಶಾಕ್ ಆದವರನ್ನು ಒಯ್ಯುವುದು ಹೇಗಿರುತ್ತದೆ ಗೊತ್ತಾ? ಮಲಗಿಸಿದರೆ ಉಸಿರು ಕಟ್ಟುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿರುತ್ತದೆ. ಕೂರಿಸಿದರೆ ಬಿಪಿ ಬೀಳುತ್ತದೆ. ಬಿಪಿಗೆ ಹಾಕಿರುವ ನಾರ್‌ಅಡ್ರಿನಲಿನ್ ಮಾಮೂಲಿ ಡ್ರಿಪ್ ಸೆಟ್‌ನಲ್ಲಿ ಹೋಗುತ್ತಿದ್ದರೆ, ಒಂದು ಹಂಪ್ ಹಾರಿದರೂ ಹನಿಯ ವೇಗ ಬದಲಾಗುತ್ತದೆ. ಒಂದು ತಿರುವಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಬೆರಳಲ್ಲಿ ಚಕ್ರ ತಿರುಗಿಸುತ್ತಾ, ಕಣ್ಣು ಮಾನಿಟರ್ ಮೇಲಿಟ್ಟು ಕೂತಿರುತ್ತೇನೆ. ಸಿರಿಂಜ್ ಪಂಪ್ ಇದ್ದರೆ ಎಷ್ಟು ಸೆಟ್ ಮಾಡಿದರೆ ಅಷ್ಟೇ ಹೋಗುತ್ತದೆ. ಅದು ಇಂಪೆಲ್ಲಾ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಕೆಲವು ಗಾಡಿಯಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಇದ್ದರೂ ಬ್ಯಾಟರಿ ನಿಲ್ಲುವುದಿಲ್ಲ.

ಇನ್ನೊಂದು ನೋವಿನ ವಿಷಯ. ತಾಲ್ಲೂಕಿನಿಂದ ಜಿಲ್ಲೆಗೆ ಕರೆದುಕೊಂಡು ಹೋಗಿ, ಅಲ್ಲಿ ಬೆಡ್ ಇಲ್ಲ ಅಂತ ಇನ್ನೊಂದು ಕಡೆ, ಅಲ್ಲಿ ಡಾಕ್ಟರ್ ಇಲ್ಲ ಅಂತ ಮತ್ತೊಂದು ಕಡೆ. ಹೊರಡುವ ಮುಂಚೆ ಒಂದು ಫೋನಿನಲ್ಲಿ ‘ಬನ್ನಿ, ಲ್ಯಾಬ್ ರೆಡಿ ಇದೆ’ ಅನ್ನುವವರು ಒಬ್ಬರು ಬೇಕು. ನಮಗೆ ಅಷ್ಟು ಗೊತ್ತಾದರೆ ಗಾಡಿ ನೇರ ಅಲ್ಲಿಗೇ.

ಐಸಿಯು ಸಿಸ್ಟರ್, ಹಾಸನ

ಅಣ್ಣ, ನೂರಕ್ಕೆ ನೂರು. ಮತ್ತೆ, ಶಾಕ್ ಅನ್ನುವುದು ಬಿಪಿ 90ಕ್ಕಿಂತ ಕೆಳಗೆ ಬಿದ್ದಾಗ ಶುರುವಾಗುವುದಲ್ಲ. ಅದಕ್ಕೂ ಮುಂಚೆ ಸುಳಿವು ಕೊಡುತ್ತದೆ. ಕೈಕಾಲು ತಣ್ಣಗೆ, ಅಂಟು ಬೆವರು. ನಾಡಿ ಓಡುತ್ತಿರುತ್ತದೆ. ಸುಮ್ನೆ ಮಲಗುವುದಿಲ್ಲ, ಏನೋ ಕಸಿವಿಸಿ, ಮನೆಗೆ ಹೋಗ್ತೀನಿ ಅಂತ ಎದ್ದು ಕೂರುತ್ತಾರೆ. ಮೂತ್ರ ಕಡಿಮೆಯಾಗುತ್ತದೆ. ಬಿಪಿ ನೋಡಿದರೆ 100 ಇರುತ್ತದೆ, ಎಲ್ಲರೂ ಪರವಾಗಿಲ್ಲ ಅನ್ನುತ್ತಾರೆ. ಆಗಲೇ ಲ್ಯಾಕ್ಟೇಟ್ ನೋಡಿದರೆ ಏರಿರುತ್ತದೆ. ಆ ಹೊತ್ತಿಗೇ ಫೋನ್ ಮಾಡಿ ಕಳಿಸಿದರೆ ರೋಗಿ ದಾರಿ ತಡೆದುಕೊಳ್ಳುತ್ತಾನೆ. ಬಿಪಿ 70 ಆದ ಮೇಲೆ ಕಳಿಸಿದರೆ ಬೆಳೆಗಾರರ ಚಿಕ್ಕಪ್ಪನವರಿಗೆ ಆದ ಹಾಗೆಯೇ ಆಗುತ್ತದೆ.

ಮೈಸೂರಿನ ಹೃದಯವೈದ್ಯ

ಸಿಸ್ಟರ್ ಹೇಳಿದ ಆ ಹೊತ್ತಿನ ಬಗ್ಗೆಯೇ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು. ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸುತ್ತಾರೆ, ತಜ್ಞರು ಅಲ್ಲಿಂದಲೇ ಓದುತ್ತಾರೆ. ದೊಡ್ಡ ಅಟ್ಯಾಕ್ ಆಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆ ವ್ಯವಸ್ಥೆಗೇ ಇನ್ನೊಂದು ಹೆಜ್ಜೆ ಸೇರಿಸಬಹುದು: ಇಸಿಜಿ ಜೊತೆ ನಾಡಿ, ಬಿಪಿ, ಕೈ ತಣ್ಣಗಿದೆಯಾ, ಲ್ಯಾಕ್ಟೇಟ್ ಎಷ್ಟು. ಶಾಕ್ ಶುರುವಾಗಿದೆ ಅಂತ ಅನುಮಾನ ಬಂದರೆ, ಇಂಜೆಕ್ಷನ್ ಒಂದನ್ನೇ ನಂಬಿ ಕಾಯಬಾರದು. ಬಿಪಿ ಕಡಿಮೆ ಇದ್ದಾಗ ಆ ಔಷಧಿ ಹೆಪ್ಪಿನವರೆಗೆ ಸರಿಯಾಗಿ ತಲುಪುವುದೇ ಕಷ್ಟ. ಎರಡು ಗಂಟೆಯೊಳಗೆ ಕ್ಯಾಥ್ ಲ್ಯಾಬ್ ಸಿಗುವುದಿಲ್ಲ ಅಂದರೆ ಇಂಜೆಕ್ಷನ್ ಕೊಟ್ಟು, ನಿಲ್ಲದೆ ಕಳಿಸಬೇಕು.

ಮನೆಯವರಿಗೂ ಒಂದು ಮಾತು. ‘ಮೂರು ಬ್ಲಾಕ್ ಇದೆ, ಒಂದೇ ತೆಗೆದರು’ ಅಂತ ಜಗಳಕ್ಕೆ ಬರುತ್ತಾರೆ. ಶಾಕ್‌ನಲ್ಲಿ ಅಟ್ಯಾಕ್‌ಗೆ ಕಾರಣವಾದ ನಾಳವನ್ನು ಮಾತ್ರ ಆಗಲೇ ತೆರೆಯುವುದು ಒಳ್ಳೆಯದು. 2017ರಲ್ಲಿ ಬಂದ ಸುಮಾರು 700 ರೋಗಿಗಳ ಅಧ್ಯಯನದಲ್ಲಿ ಎಲ್ಲವನ್ನೂ ಒಟ್ಟಿಗೆ ತೆರೆದವರಲ್ಲಿ ಸಾವು ಮತ್ತು ಡಯಾಲಿಸಿಸ್ ಸೇರಿ ಶೇ 55.4, ಒಂದೇ ತೆರೆದವರಲ್ಲಿ ಶೇ 45.9.

ಇನ್ನು ಬೆಳೆಗಾರರಿಗೆ. ನಿಮ್ಮ ಘಾಟಿಯ ಮಾತು ನಿಜ. ರೋಗಿಯನ್ನು ಸಾಗಿಸಲಾಗದ ರಾತ್ರಿಗಳು ಇರುತ್ತವೆ. ಅದಕ್ಕೆ ನನ್ನ ಉತ್ತರ ಹಾಸನದಲ್ಲಿ ಹಗಲುರಾತ್ರಿ ಕ್ಯಾಥ್ ಲ್ಯಾಬ್, ನಾರ್‌ಅಡ್ರಿನಲಿನ್ ಮತ್ತು ಎಕೋ ಗೊತ್ತಿರುವ ಐಸಿಯು. ಆ ತಂಡ ಒಂದೆರಡು ವರ್ಷ ಗಟ್ಟಿಯಾಗಿ ನಿಂತ ಮೇಲೆ ಪಂಪ್ ಕೇಳಿ. ಆಗ ನಾನೂ ನಿಮ್ಮ ಮನವಿಗೆ ಸಹಿ ಹಾಕುತ್ತೇನೆ.

ತರೀಕೆರೆ ಮಗಳು

ಒಂದು ಸೇರಿಸಿ. ಮೇಷ್ಟ್ರು ಕೇಳಿದ ಹಾಗೆ, ಸಹಿಗೆ ಮುಂಚೆ ಹೇಳಬೇಕಾದ್ದನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ಕೊಡಲಿ. ಹಾಕಿದರೆ ಏನು ಲಾಭ, ಕಾಲಿಗೆ, ಕಿಡ್ನಿಗೆ ಏನಾಗಬಹುದು, ಎಷ್ಟು ಖರ್ಚು, ಎಷ್ಟು ದಿನ ನೋಡಿ ನಿಲ್ಲಿಸುತ್ತೀರಿ. ನಮಗೆ ಆ ಕೊನೆಯದನ್ನು ಯಾರೂ ಹೇಳಿರಲಿಲ್ಲ. ಬಲೂನ್ ತೆಗೆಯುವ ದಿನ ಅಪ್ಪನನ್ನು ಕೈಬಿಟ್ಟರು ಅಂತ ಅಮ್ಮ ಅತ್ತಿದ್ದರು. ಆಮೇಲೆ ಸಿಸ್ಟರ್ ಒಬ್ಬರು ಬಂದು, ಹೃದಯ ತಾನೇ ಮಾಡಿಕೊಳ್ಳುತ್ತಿದೆ, ಅದಕ್ಕೇ ತೆಗೀತಿದ್ದೇವೆ ಅಂದರು.

ಬೇಲೂರು ಮೇಷ್ಟ್ರು

ಆ ಪುಟವನ್ನು ಬರೆಯಲು ನಾನು ಸಿದ್ಧ. ವಿಷಯ ಡಾಕ್ಟರು, ಸಿಸ್ಟರ್ ಕೊಡಲಿ. ಓದು ಬಾರದವರಿಗೆ ಓದಿ ಹೇಳುವಷ್ಟು ಸರಳವಾಗಿ ಬರೆಯುತ್ತೇನೆ. ಪಂಪ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೊದಲು ಊರೂರಲ್ಲಿ ಬಿಪಿ ನೋಡಲಿ.

ಸಕಲೇಶಪುರದ ಬೆಳೆಗಾರ

ನನ್ನದೂ ಬದಲಾಗಿಲ್ಲ. ಮನವಿಯಲ್ಲಿ ಇಂಪೆಲ್ಲಾ ಇರುತ್ತದೆ, ಆದರೆ ಕೊನೆಗೆ. ಮೇಲೆ ಬರುವುದು ಆಂಬುಲೆನ್ಸಿಗೆ ಸಿರಿಂಜ್ ಪಂಪ್, ಒಂದೇ ಫೋನ್ ನಂಬರ್, ತಾಲ್ಲೂಕಿನಲ್ಲಿ ಲ್ಯಾಕ್ಟೇಟ್ ಪರೀಕ್ಷೆ, ಹಗಲುರಾತ್ರಿ ಕ್ಯಾಥ್ ಲ್ಯಾಬ್, ಐಸಿಯುಗೆ ನರ್ಸ್‌ಗಳು. ಕರಡು ಬರೆದು ನಾಳೆ ಇಲ್ಲೇ ಹಾಕುತ್ತೇನೆ.

ಕಳಸದಿಂದ ಓದುಗ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ಪ್ರಶ್ನೆ. ನಮ್ಮ ಕಡೆ ಯಾರಿಗಾದರೂ ಹೀಗಾದರೆ ಚಿಕ್ಕಮಗಳೂರು, ಹಾಸನದ ಕಡೆ ಹತ್ತಬೇಕಾ, ಇಲ್ಲ ಕುದುರೆಮುಖದ ಮೇಲೆ ಇಳಿದು ಕಾರ್ಕಳ, ಮಣಿಪಾಲದ ಕಡೆ ಹೋಗಬೇಕಾ? ಮನೆಯಲ್ಲಿ ಇದೇ ವಾದ ಆಗುತ್ತದೆ, ಆ ವಾದದಲ್ಲೇ ಅರ್ಧ ಗಂಟೆ ಹೋಗುತ್ತದೆ.

ಮೂಡಿಗೆರೆ ಆಂಬುಲೆನ್ಸ್

ವಾದ ಬೇಡ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, 108ಕ್ಕೆ ಆಗಲೇ ಫೋನ್ ಮಾಡಿಡಿ. ಇಸಿಜಿ ಕೈಗೆ ಬಂದ ಮೇಲೆ, ಅಲ್ಲಿನ ಡಾಕ್ಟರಿಂದಲೇ ಎರಡೂ ಕಡೆಯ ಆಸ್ಪತ್ರೆಗೆ ಫೋನ್ ಮಾಡಿಸಿ. ಲ್ಯಾಬ್ ರೆಡಿ ಇದೆ ಅಂತ ಮೊದಲು ಯಾರು ಹೇಳುತ್ತಾರೋ, ಆ ಹೊತ್ತಿಗೆ ರಸ್ತೆ ಯಾವುದು ತೆರೆದಿದೆಯೋ, ಆ ಕಡೆ. ಕಾರಿನಲ್ಲಿ ನೀವೇ ಒಯ್ಯಬೇಡಿ. ಹೃದಯ ದಾರಿಯಲ್ಲಿ ನಿಂತರೆ ಕರೆಂಟ್ ಶಾಕ್ ಕೊಟ್ಟು ಎಬ್ಬಿಸುವ ಯಂತ್ರ ಕಾರಿನಲ್ಲಿ ಇರುವುದಿಲ್ಲ.